ಕೋಡಿಂಗ್ ಕಲಿಯುದು, ಚೆಂಡೆ, ಗಣಪತಿ ಸಮಿತಿ: ಇದ್ರಲ್ಲಿ ಯಾವ್ದು ಬಿಡುದು?

ತ್ರಿವುಡೆ_ತಾಳ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗ್ತದೆ, ಬೇಜಾರ್ ಮಾಡ್ಕೊಬೇಡಿ.

ನಾನು ಕುಂದಾಪುರ ಕಡೆಯವ. ಬಿಕಾಂ ಮುಗ್ಸಿ ಇಲ್ಲೇ ಒಂದು ಸೊಸೈಟಿಲಿ ಕೆಲಸ, ಬೆಳಿಗ್ಗೆ ಹೋದ್ರೆ ಮನೆಗೆ ಬರುವಾಗ ಸಂಜೆ ಆರೂವರೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ನನ್ನಷ್ಟಕ್ಕೆ ಕಲೀತಾ ಇದ್ದೇನೆ, ಹಾರ್ವರ್ಡಿನವರ ಸಿಎಸ್50 ಪೈಥಾನ್ ಕೋರ್ಸ್ ಉಂಟಲ್ಲ ಫ್ರೀ ಸಿಗುದು, ಅದೇ. ಮಳೆಗಾಲದಲ್ಲಿ ಲಾಯ್ಕ್ ಹೋಗ್ತದೆ. ಸಂಜೆ ಹೊರಗೆ ಕಾಲಿಡ್ಲಿಕ್ಕೆ ಇಲ್ಲ, ಕರೆಂಟ್ ಹೋದ್ರೂ ಲ್ಯಾಪ್‌ಟಾಪ್ ಸ್ವಲ್ಪ ಹೊತ್ತು ಬರ್ತದೆ, ಈಗ ವೀಕ್ 6ಕ್ಕೆ ಬಂದಿದ್ದೇನೆ, ಫೈಲ್ ಓದುದು ಬರೆಯುದು ಎಲ್ಲ.

ಸಮಸ್ಯೆ ಶುರುವಾಗುದು ಅಷ್ಟಮಿ, ಚೌತಿ ಬಂದಾಗ. ಊರಿನ ಹವ್ಯಾಸಿ ಯಕ್ಷಗಾನ ತಂಡದಲ್ಲಿ ನಾನು ಚೆಂಡೆ ಬಾರಿಸ್ತೇನೆ, ಅದು ಸಣ್ಣ ಇರುವಾಗಿಂದ ಬಂದದ್ದು. ಅದ್ರ ಮೇಲೆ ಗಣೇಶೋತ್ಸವ ಸಮಿತಿಲಿ ಖಜಾಂಚಿ, ಬಿಕಾಂ ಓದಿದವ ಅಂತ ನನ್ನ ತಲೆಗೆ ಕಟ್ಟಿದ್ದು, ಬೇರೆ ಕಾರಣ ಎಂತದೂ ಇಲ್ಲ. ಚೌತಿ ಮುಗೀತು ಅನ್ನುವಾಗ ನವರಾತ್ರಿ, ದೀಪಾವಳಿ ಕಳೆದ ಮೇಲೆ ಮೇಳಗಳೆಲ್ಲ ತಿರುಗಾಟಕ್ಕೆ ಹೊರಡ್ತವೆ, ಅಲ್ಲಿಂದ ಮೇ ತಿಂಗಳ ಪತ್ತನಾಜೆವರೆಗೆ (ತಿರುಗಾಟ ಮುಗಿಯುವ ದಿನ) ಎಲ್ಲಾದ್ರೂ ಒಂದು ಕಡೆ ಆಟ ಇದ್ದೇ ಇರ್ತದೆ. ಮೇಳದ ಆಟ ನಾನು ನೋಡುದು ಮಾತ್ರ, ಆದ್ರೆ ನಮ್ಮ ಹವ್ಯಾಸಿಗಳದ್ದೂ ಅದೇ ಸಮಯಕ್ಕೆ, ದೇವಸ್ಥಾನದ ಹಬ್ಬ, ಶಾಲೆ ವಾರ್ಷಿಕೋತ್ಸವ, ಯಾರದ್ದೋ ಗೃಹಪ್ರವೇಶ. ರಾತ್ರಿ ಇಡೀ ಅಲ್ಲದ ಕಾಲಮಿತಿ ಆಟ ಆದ್ರೂ ಮನೆಗೆ ಬಂದು ಮಲಗುವಾಗ ರಾತ್ರಿ ಒಂದು ಗಂಟೆ, ಮರುದಿನ ಕೌಂಟರಲ್ಲಿ ತೂಕಡಿಸ್ತಾ ಕೂರುದು, ಅವತ್ತು ಸಂಜೆ ಪೈಥಾನ್ ಯಾರು ನೋಡ್ತಾರೆ.

ಕಳೆದ ವರ್ಷ ಹೀಗೆ ಬಿಟ್ಟದ್ದು ಜೂನಲ್ಲಿ ಪುನಃ ತೆಗ್ದ್ರೆ ನಾನೇ ಬರೆದ ಕೋಡ್ ನಂಗೇ ತಲೆಗೆ ಹೋಗ್ಲಿಲ್ಲ. ಪೈಥಾನಿನ ಡಿಕ್ಷನರಿಗೆ (ಹೆಸರು-ಬೆಲೆ ಜೋಡಿಗಳ ಪಟ್ಟಿ) ಲೂಪ್ ಹಾಕುದು ಹೇಗೆ ಅಂತಲೇ ಮರ್ತು ಹೋಗಿತ್ತು. ಮತ್ತೆ ವೀಕ್ 0ಯಿಂದ ಶುರು. ಹೀಗೇ ಆದ್ರೆ ಜೀವಮಾನ ಇಡೀ ವೀಕ್ 6 ದಾಟ್ಲಿಕ್ಕಿಲ್ಲ ನಾನು.

ಒಂದು ಕೋಚಿಂಗ್ ಸೆಂಟರಲ್ಲಿ ವಿಚಾರಿಸಿದ್ರೆ "ಆರು ತಿಂಗಳು ಆಟ ಗೀಟ ಎಲ್ಲ ಬಿಟ್ಬಿಡಿ, ಪ್ಯಾಕೇಜ್ ಸಿಕ್ಕಿದ್ಮೇಲೆ ಬೇಕಾದಷ್ಟು ಬಾರಿಸಿ" ಅಂದ್ರು. ಬೆಂಗಳೂರಲ್ಲಿರುವ ನನ್ನ ದೋಸ್ತಿ ಹೇಳುದು, ಮನೇಲಿ ಕೂತು ಎಂತ ಕಲೀತಿ, ಮೀಟಪ್‌ಗೆ ಬಾ, ನಾಲ್ಕು ಜನರ ಪರಿಚಯ ಮಾಡ್ಕೊ ಅಂತ. ಅಂದ್ರೆ ಇದ್ದದ್ದು ಸಾಲದು ಅಂತ ಇನ್ನೊಂದು ಕಾರ್ಯಕ್ರಮ! ನೀವೆಲ್ಲ ಎಂತ ಮಾಡ್ತೀರಿ? ಯಾವ್ದು ಬಿಡುದು, ಬಿಟ್ಟು ಬಂದ ಮೇಲೆ ಪುನಃ ಹಿಡಿಯುದು ಹೇಗೆ?


ಬಗ್_ಬೇಟೆ:

ಮೊದ್ಲು ಒಂದು ಪ್ರಶ್ನೆ. ಕಲೀತಿರೋದು ಕೆಲಸಕ್ಕಾ ಇಲ್ಲಾ ಆಸಕ್ತಿಗಾ? ಎರಡೂ ಸರಿನೇ, ಆದ್ರೆ ಉತ್ತರ ಬೇರೆ ಬೇರೆ.

ಎರಡ್ನೇದು, ನೀವು ಬರ್ದಿದ್ದನ್ನ ಎರಡು ಸಲ ಓದಿದೆ, ಚೆಂಡೆನ ಮೊದ್ಲು ಹೇಳಿ ಖಜಾಂಚಿ ಕೆಲಸನ "ಅದ್ರ ಮೇಲೆ" ಅಂತ ಸೇರ್ಸಿದ್ದೀರ. ನಂಗ್ಯಾಕೋ ಉಲ್ಟಾ ಇರ್ಬೇಕು ಅನ್ಸುತ್ತೆ. ಒಂದು ವಾರದಲ್ಲಿ ಚೆಂಡೆಗೆ ಎಷ್ಟೊತ್ತು ಹೋಗುತ್ತೆ, ಸಮಿತಿಗೆ ಎಷ್ಟೊತ್ತು ಹೋಗುತ್ತೆ, ಅಂದಾಜಲ್ಲಿ ಹೇಳಿ ನೋಡೋಣ. ವಾಟ್ಸಾಪ್ ಗ್ರೂಪ್ ಟೈಮೂ ಸೇರ್ಸಿ.


ತ್ರಿವುಡೆ_ತಾಳ:

ಸದ್ಯಕ್ಕೆ ಆಸಕ್ತಿ, ಆದ್ರೆ ಎರಡು ವರ್ಷದಲ್ಲಿ ಎಲ್ಲಾದ್ರೂ ಸಣ್ಣ ಕೆಲಸ ಸಿಕ್ಕಿದ್ರೆ ಬೇಡ ಅನ್ಲಿಕ್ಕಿಲ್ಲ. ವರ್ಕ್ ಫ್ರಂ ಹೋಮ್ ಆದ್ರೆ ಇನ್ನೂ ಒಳ್ಳೇದು, ಊರು ಬಿಡ್ಲಿಕ್ಕೆ ಮನಸ್ಸಿಲ್ಲ.

ಸಮಯದ ಲೆಕ್ಕ ಹಾಕಿದ್ರೆ ನಾಚಿಕೆ ಆಗ್ತದೆ ಮಾರಾಯ್ರೆ. ಚೆಂಡೆ ಪ್ರಾಕ್ಟೀಸ್ ಆದಿತ್ಯವಾರ ಸಂಜೆ, ಆಟ ಇದ್ರೆ ವಾರದಲ್ಲಿ ಇನ್ನೊಂದು ದಿನ. ಸಮಿತಿದು ಚೌತಿಗೆ ಒಂದೂವರೆ ತಿಂಗಳು ಮುಂಚಿಂದ ದಿನಾ ರಾತ್ರಿ ಉಂಟು. ವಂತಿಗೆ ಬರೆಯುದು, ರಶೀದಿ ಪುಸ್ತಕ ಯಾರ ಹತ್ರ ಉಂಟು ಅಂತ ಹುಡುಕುದು, ಶಾಮಿಯಾನದವರಿಗೆ ಫೋನ್, ಅನ್ನಸಂತರ್ಪಣೆಗೆ ಅಕ್ಕಿ ಯಾರು ಕೊಡ್ತಾರೆ ಅನ್ನುವ ಚರ್ಚೆ ಗ್ರೂಪಲ್ಲಿ ರಾತ್ರಿ ಹನ್ನೊಂದಾದ್ರೂ ಮುಗಿಯುದಿಲ್ಲ. ಹಬ್ಬ ಆದ್ಮೇಲೆ ಲೆಕ್ಕಪತ್ರ ಒಪ್ಪಿಸುವ ಮೀಟಿಂಗ್, ಅದು ದೀಪಾವಳಿವರೆಗೆ ಎಳೀತದೆ. ಚೆಂಡೆಗಿಂತ ಮೂರು ಪಾಲು ಜಾಸ್ತಿ ಅದೇ ಆಯ್ತು.


ಬಗ್_ಬೇಟೆ:

ಅಷ್ಟೇ ಕಣ್ರೀ ಕೇಳ್ಬೇಕಾಗಿದ್ದು. ಚೆಂಡೆ ಬಾರಿಸೋದಕ್ಕೆ ಶುರು ಇದೆ ಮುಕ್ತಾಯ ಇದೆ, ಮಂಗಳ ಹಾಡಿದ್ರು ಮುಗೀತು, ಚೆಂಡೆ ಕೆಳಗಿಟ್ಟು ಮನೆಗೆ ಬರ್ತೀರ. ಕಮಿಟಿ ಕೆಲಸ ಮುಗಿಯೋದೇ ಇಲ್ಲ, ತಲೇಲಿ ಓಡ್ತಾನೇ ಇರುತ್ತೆ, ಎಡಿಟರ್ ತೆಗೆದು ಕೂತಾಗ್ಲೂ ಫೋನ್ ಟಿಂಗ್ ಟಿಂಗ್ ಅಂತಿರುತ್ತೆ. ಕೋಡ್ ಕಲಿಯೋಕೆ ಬೇಕಾಗಿರೋದು ಯಾರೂ ಕರೆಯದೇ ಇರೋ ಒಂದು ಗಂಟೆ, ಆ ಗಂಟೆನೇ ಅದು ತಿನ್ನೋದು. ಈ ವರ್ಷ ಹೇಗೂ ಒಪ್ಕೊಂಡಾಗಿದೆ ಮಾಡಿ, ಲೆಕ್ಕ ಒಪ್ಪಿಸೋ ಮೀಟಿಂಗಲ್ಲೇ ಮುಂದಿನ ವರ್ಷಕ್ಕೆ ಬೇರೆಯವ್ರನ್ನ ನೋಡ್ಕೊಳ್ಳಿ ಅಂತ ಹೇಳ್ಬಿಡಿ. ಪೆಂಡಾಲ್ ಕಟ್ಟೋಕೆ ಹೋಗಿ, ವಿಸರ್ಜನೆ ದಿನ ಚೆಂಡೆ ಬಾರಿಸಿ, ಬಡಿಸೋಕೆ ನಿಂತ್ಕೊಳ್ಳಿ, ಯಾರೂ ಬೇಡ ಅನ್ನಲ್ಲ. ಖಾತೆ ಪುಸ್ತಕ ಮಾತ್ರ ಬೇಡ.

ಆ ಕೋಚಿಂಗ್‌ನೋರು ಹೇಳಿದ "ಆರು ತಿಂಗಳು ಎಲ್ಲ ಬಿಡಿ" ಅನ್ನೋದನ್ನ ತಲೆಗೆ ಹಾಕ್ಕೋಬೇಡಿ, ಅದು ಅಡ್ಮಿಶನ್ ಮಾಡ್ಸೋ ಮಾತು.


ಎರೆಮಣ್ಣು:

ತಮ್ಮಾ, ನಿಂದು ಓದಿ ನಗು ಬಂತ ನೋಡು, ಯಾಕಂದ್ರ ನಂದು ಪೂರ್ತಿ ಉಲ್ಟಾ. ನಾ ಧಾರವಾಡ ಜಿಲ್ಲಾದಾಂವ, ಮನ್ಯಾಗ ಹೊಲ ಐತಿ. ನಿಮಗ ಮಳಿಗಾಲ ಅಂದ್ರ ಬಿಡುವು, ನಮಗ ಮಳಿ ಬಿದ್ದ ದಿವಸನ ಬಿತ್ತಿಗಿ. ಜೂನದಾಗ ಹೆಸರು, ಸೋಯಾ, ಆಮ್ಯಾಲ ಎಡಿ ಹೊಡಿಯೂದು, ಕಳೆ, ರಾಶಿ, ಅಷ್ಟ್ರಾಗ ಹಿಂಗಾರಿ ಬರ್ತೈತಿ, ಕಡ್ಲಿ ಜ್ವಾಳ. ಬ್ಯಾಸಿಗ್ಯಾಗ ಮಾತ್ರ ಖಾಲಿ. ಹೋಳಿ ಹುಣ್ಣಿವಿಗೆ ಹಲಗಿ ಬಾರಿಸೂದು, ಹುಬ್ಬಳ್ಳಿ ರಂಗಪಂಚಮಿ, ಅದೊಂದು ಮುಗೀತಂದ್ರ ಮೇ ಕಡೀಕ್ ತನಕ ಕೇಳವ್ರಿಲ್ಲ. ಹಿಂಗಾಗಿ ನಾ ಜಾವಾಸ್ಕ್ರಿಪ್ಟ್ ಕಲತದ್ದೆಲ್ಲ ಬ್ಯಾಸಿಗ್ಯಾಗನ.

ಹೇಳೂದೇನಂದ್ರ, ಈ ಯೂಟ್ಯೂಬಿನ ಮಂದಿ ಹೇಳೂ "ದಿನಾ ಎರಡು ತಾಸು, ವಾರಕ್ಕ ಐದು ದಿವಸ" ಅನ್ನೂ ಟೈಮ್‌ಟೇಬಲ್ ಐತೆಲ್ಲ, ಅದು ವರ್ಷದ ಹನ್ನೆರಡೂ ತಿಂಗಳ ಒಂದ ಥರಾ ಇರೂ ಮಂದಿಗೆ. ನಮ್ಮ ನಿಮ್ಮಂಥವ್ರ ವರ್ಷಕ್ಕ ಅದು ಹೊಂದೂದಿಲ್ಲ. ನೀ ಕ್ಯಾಲೆಂಡರ್ ಮುಂದಿಟ್ಕೊ. ಜೂನ್‌ದಿಂದ ಚೌತಿ ತನಕ ಹೊಸಾದು ಏನ್ ಕಲಿಯೂದೈತಿ ಎಲ್ಲಾ ಆಗ ಮುಗಿಸು, ಕಬ್ಬಿಣದ ಕಡ್ಲಿಯಂಥಾ ವಿಷಯ ಎಲ್ಲಾ ಅಲ್ಲೇ, ಕ್ಲಾಸು, ಆಬ್ಜೆಕ್ಟು, ರೆಗ್ಯುಲರ್ ಎಕ್ಸ್‌ಪ್ರೆಶನ್ನು. ಚೌತಿಯಿಂದ ಮುಂದ ಹೊಸಾದು ಏನೂ ಮುಟ್ಟಬ್ಯಾಡ, ಬರೇ ಕಲತದ್ದು ಇಟ್ಕೊಂಡು ಸಣ್ಣ ಸಣ್ಣ ಕೆಲಸ ಮಾಡು. ಹಬ್ಬದಾಗ ಓದ್ಲಿಲ್ಲಂತ ಕೊರಗೂದು ಬಿಟ್ರ ಅರ್ಧಾ ಹೊರಿ ಇಳೀತೈತಿ.

ಇನ್ನ ಬಿಟ್ಟು ಬಂದಮ್ಯಾಲ ಹೆಂಗ ಹಿಡಿಯೂದು ಅಂದಿ. ನೀ ವೀಕ್ 5 ಮುಗಿಸಿ ಅಂದ್ರ ಪೈಟೆಸ್ಟ್ ಗೊತ್ತೈತಿ, ಕೋಡ್ ಸರಿ ಐತೇನ್ ಅಂತ ಪರೀಕ್ಷೆ ಮಾಡೂ ಸಾಧನ. ಲ್ಯಾಪ್‌ಟಾಪ್ ಮುಚ್ಚೂಕಿಂತ ಮುಂಚೆ ಫೇಲ್ ಆಗೂ ಒಂದು ಟೆಸ್ಟ್ ಬರದಿಡು. ಅಂದ್ರ, ನಾಳೆ ಬರೀಬೇಕಾದ ಫಂಕ್ಷನ್ ಇನ್ನೂ ಬರದಿಲ್ಲ, ಆದ್ರ ಅದಕ್ಕ ಇಷ್ಟು ಕೊಟ್ರ ಇಷ್ಟು ಬರಬೇಕು ಅಂತ ಟೆಸ್ಟ್ ಮಾತ್ರ ಬರದಿಡೂದು. ಒಂದು ತಿಂಗಳ ಬಿಟ್ಟು ಬಂದು ಟೆಸ್ಟ್ ಓಡಿಸಿದ್ರ ಕೆಂಪಗ ಒಂದು ಸಾಲು ತೋರಿಸ್ತೈತಿ, ಎಲ್ಲಿ ನಿಂತಿದ್ದಿ, ಮುಂದ ಏನ್ ಮಾಡೂದಿತ್ತು, ಎರಡೂ ಅದ್ರಾಗನ ಬಂತು. ಕುಂತು ಅರ್ಧಾ ತಾಸು ನೆನಪ್ ಮಾಡ್ಕೊಳ್ಳೂದು ತಪ್ಪತೈತಿ. ಜೋಡಿಗೆ ಗಿಟ್ ಕಮಿಟ್ ಮೆಸೇಜ್ (ಕೋಡ್ ಉಳಿಸೂವಾಗ ಬರಿಯೂ ಟಿಪ್ಪಣಿ) ಕನ್ನಡದಾಗನ ಬರಿ, "ರಶೀದಿ ನಂಬರ್ ಖಾಲಿ ಇದ್ರ ತಪ್ಪತೈತಿ, ಅದನ್ನ ನೋಡು" ಅಂತ. ನೀ ಓದಾಕನ ಬರೆಯೂದು ಅದು, ಯಾರಿಗೂ ತೋರಿಸೂದಲ್ಲ.


ಗೊಂಬೆಮನೆ:

ಎರೆಮಣ್ಣು ಅಣ್ಣಾವ್ರ ಮಾತು ಕೇಳೋಕೆ ಚೆನ್ನಾಗಿದೆ, ಆದ್ರೆ ಸೀಸನ್ ಅನ್ನೋದು ಎಲ್ರಿಗೂ ಇರಲ್ಲ. ನಾನು ಮೈಸೂರು, ಇಬ್ರು ಮಕ್ಳು, ಕೆಲಸ ಬಿಟ್ಟು ಕೆಲವು ವರ್ಷ ಆದ್ಮೇಲೆ ಈಗ ಡೇಟಾ ಅನಾಲಿಸಿಸ್ ಕಲೀತಿದ್ದೀನಿ, ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಪ್ರಶ್ನೆ ಕೇಳೋ ಭಾಷೆ) ಮತ್ತೆ ಪೈಥಾನ್. ಮಳೆಗಾಲ ಬೇಸಿಗೆ ಎಲ್ಲ ನಮ್ಗೆ ಒಂದೇ, ಬೆಳಗ್ಗೆ ಐದರಿಂದ ಹಾಲಿನವ್ರು ಬರೋವರ್ಗೂ, ಅಷ್ಟೇ ನನ್ನ ಟೈಮು. "ಆರು ತಿಂಗಳು ಎಲ್ಲ ಬಿಟ್ಟು ಕೂತ್ಕೊಳ್ಳಿ" ಅನ್ನೋರ ಮನೇಲಿ ಆ ಆರು ತಿಂಗಳು ಅಡುಗೆ ಯಾರು ಮಾಡ್ತಾರೆ ಅಂತ ಕೇಳ್ಬೇಕು ಅನ್ಸುತ್ತೆ, ಇರ್ಲಿ ಬಿಡಿ.

ನಮ್ಮನೇಲಿ ದಸರಾಗೆ ಗೊಂಬೆ ಕೂರಿಸ್ತೀವಿ. ಪೆಟ್ಟಿಗೆ ಇಳ್ಸಿ, ಪಟ್ಟದ ಗೊಂಬೆಗೆ ಸೀರೆ ಉಡ್ಸಿ, ಮೆಟ್ಲು ಜೋಡ್ಸಿ, ಸಂಜೆ ಆದ್ರೆ ಅರಿಶಿನ ಕುಂಕುಮಕ್ಕೆ ಬರೋರು, ಗೊಂಬೆ ಬಾಗಿನ ಅಂತ ಮಕ್ಳು. ಮಹಾಲಯ ಅಮಾವಾಸ್ಯೆಯಿಂದ ವಿಜಯದಶಮಿ ದಾಟೋವರ್ಗೂ ಓದೋ ಮಾತೇ ಇಲ್ಲ. ಆದ್ರೆ ಆಗ್ಲೂ ನಾನು ಒಂದು ಕೆಲ್ಸ ಬಿಡಲ್ಲ. ದಿನಾ ಒಂದು ಹಳೇ ಲೆಕ್ಕ. ಹೊಸ ವಿಡಿಯೋ ಇಲ್ಲ, ನೋಟ್ಸ್ ತೆಗೆಯೋದಿಲ್ಲ. ಹಿಂದೆ ಮಾಡಿದ್ದೇ ಒಂದು ಕ್ವೆರಿ, ಜಿಲ್ಲಾವಾರು ಮಾರಾಟ ಗುಂಪು ಮಾಡಿ ಇಂತಿಷ್ಟಕ್ಕಿಂತ ಜಾಸ್ತಿ ಇರೋದು ಮಾತ್ರ ತೋರ್ಸು, ಇಂಥದ್ದು, ಅದನ್ನ ಏನೂ ನೋಡದೇ ಪೇಪರ್ ಮೇಲೆ ಬರೀತೀನಿ. ವೇರ್ (ಗುಂಪು ಮಾಡೋ ಮುಂಚಿನ ಷರತ್ತು) ಎಲ್ಲಿ ಬರುತ್ತೆ ಹ್ಯಾವಿಂಗ್ (ಗುಂಪು ಮಾಡಿದ್ಮೇಲಿನ ಷರತ್ತು) ಎಲ್ಲಿ ಬರುತ್ತೆ ಅನ್ನೋದು ಪ್ರತಿ ಸಲ ಒಂದು ಸಲ ತಡವರಿಸುತ್ತೆ, ತಡವರಿಸಿದ್ರೇನೇ ಒಳಗೆ ಕೂರೋದು. ಕುಕ್ಕರ್ ಕೂಗೋ ಅಷ್ಟ್ರಲ್ಲಿ ಮುಗ್ದಿರುತ್ತೆ.

ತ್ರಿವುಡೆಯವ್ರೇ, ನೀವು ಮತ್ತೆ ವೀಕ್ 0ಯಿಂದ ಶುರು ಮಾಡಿದ್ದು ನಂಗೆ ಅಯ್ಯೋ ಅನ್ನಿಸ್ತು. ಎಬ್ಬಿಂಗ್‌ಹೌಸ್ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ ಒಬ್ರು 1885ರಲ್ಲೇ ಇದನ್ನ ತಮ್ಮ ಮೇಲೇ ಪ್ರಯೋಗ ಮಾಡ್ಕೊಂಡು ಬರ್ದಿದ್ದಾರೆ, ಅರ್ಥ ಇಲ್ಲದ ಪದಗಳನ್ನ ಬಾಯಿಪಾಠ ಮಾಡೋದು, ಬಿಡೋದು, ಮತ್ತೆ ಮಾಡೋದು. ಪೂರ್ತಿ ಮರೆತು ಹೋಯ್ತು ಅನ್ಸಿದ್ರೂ ಎರಡ್ನೇ ಸಲ ಕಲಿಯೋಕೆ ಮೊದಲ್ನೇ ಸಲಕ್ಕಿಂತ ಕಮ್ಮಿ ಟೈಮ್ ಸಾಕು ಅಂತ ಅವ್ರು ಅಳತೆ ಮಾಡಿ ತೋರ್ಸಿದ್ದು. ಹಾಗಾಗಿ ವಿಡಿಯೋ ಮೊದಲಿಂದ ನೋಡೋ ಬದ್ಲು ನಿಂತಿದ್ದ ಜಾಗದಿಂದ ಎರಡು ವೀಕ್ ಹಿಂದಿನ ಪ್ರಾಬ್ಲಮ್ ಸೆಟ್ ತಗೊಂಡು ನೇರ ಬರೆಯೋಕೆ ಕೂತ್ಕೊಳ್ಳಿ. ಎಲ್ಲಿ ಕೈ ನಿಲ್ಲುತ್ತೋ ಅದನ್ನ ಮಾತ್ರ ನೋಡಿ.


ಸೀದಾ_ಮಾತು:

ಎಲ್ರೂ ಬೆನ್ನು ತಟ್ತಿದ್ದೀರ, ಸ್ವಲ್ಪ ಲೆಕ್ಕಾನೂ ಹೇಳೋಣ. ಸಿಎಸ್50 ಪೈಥಾನ್ ಕೋರ್ಸ್ ವೀಕ್ 0ಯಿಂದ ವೀಕ್ 9ರವರೆಗೆ, ಕೊನೇಲಿ ಒಂದು ಫೈನಲ್ ಪ್ರಾಜೆಕ್ಟ್. ವಾರಕ್ಕೆ ಐದಾರು ಗಂಟೆ ಕೊಟ್ರೆ ಒಂದು ಮಳೆಗಾಲದಲ್ಲಿ ಮುಗಿಯುತ್ತೆ, ಸರಿ. ಆದ್ರೆ ಅದು ಮುಗಿದ್ರೆ ಕೆಲಸ ಸಿಗಲ್ಲ. ಅದಾದ್ಮೇಲೆ ಎಸ್‌ಕ್ಯೂಎಲ್, ಗಿಟ್, ಎಚ್‌ಟಿಎಂಎಲ್, ಜ್ಯಾಂಗೋ ಇಲ್ಲಾ ಫ್ಲಾಸ್ಕ್ (ಪೈಥಾನಲ್ಲಿ ವೆಬ್‌ಸೈಟ್ ಕಟ್ಟೋ ಚೌಕಟ್ಟುಗಳು), ಎರಡು ಮೂರು ನಿಜವಾದ ಪ್ರಾಜೆಕ್ಟ್. ವರ್ಷಕ್ಕೆ ಮೂರು ತಿಂಗ್ಳು ಮಾತ್ರ ಓದ್ತೀನಿ ಅಂದ್ರೆ ಎರಡು ವರ್ಷದಲ್ಲಿ ಆಗಲ್ಲ, ನಾಲ್ಕು ಅಂತ ಇಟ್ಕೊಳ್ಳಿ. ಅದೂ ಮನೆಯಿಂದ ಮಾಡೋ ಕೆಲಸ ಹೊಸಬರಿಗೆ ಸಿಗೋದು ಇನ್ನೂ ಕಷ್ಟ. ನಾಲ್ಕು ವರ್ಷ ಒಪ್ಪಿಗೆ ಇದ್ರೆ ಯಾವ್ದೂ ಬಿಡ್ಬೇಡಿ, ಎರಡೇ ವರ್ಷ ಬೇಕು ಅಂದ್ರೆ ಆಟದ ಸೀಸನ್‌ನಲ್ಲೂ ಏನೋ ಒಂದು ಕಡಿಮೆ ಆಗ್ಲೇಬೇಕು. ಎರಡನ್ನೂ ಜೊತೆಗೆ ಕೇಳೋಕಾಗಲ್ಲ.

ಮೀಟಪ್ ವಿಷ್ಯ. ನಾನು ಬೆಂಗ್ಳೂರಲ್ಲೇ ಇದ್ದೀನಿ, ಇಲ್ಲಿನ ಪೈಥಾನ್ ಬಳಗ ಬ್ಯಾಂಗ್‌ಪೈಪರ್ಸ್ ಮೀಟಪ್‌ಗೆ ಹೋಗ್ತೀನಿ, ಒಳ್ಳೇ ಜನ. ಆದ್ರೆ ಕುಂದಾಪುರದಿಂದ ಪಂಚಗಂಗಾ ಟ್ರೈನಲ್ಲಿ ರಾತ್ರಿ ಎಲ್ಲಾ ಕೂತ್ಕೊಂಡು ಬಂದು ಮೂರು ಟಾಕ್ ಕೇಳಿ ಮತ್ತೆ ಆ ರಾತ್ರಿನೇ ವಾಪಸ್ ಹೋಗೋಷ್ಟು ವರ್ತ್ ಇಲ್ಲ, ವೀಕ್ 6ರಲ್ಲಿ ಇರೋರಿಗಂತೂ ಇಲ್ಲ. ಬೆಂಗ್ಳೂರಲ್ಲಿ ವಾರಾ ವಾರಾ ಒಂದೊಂದು ಮೀಟಪ್‌ಗೆ ಹೋಗಿ, ಸ್ಟಿಕರ್ ತಗೊಂಡು, ಸಮೋಸ ತಿಂದು, ಲಿಂಕ್ಡ್‌ಇನ್‌ನಲ್ಲಿ ಫೋಟೋ ಹಾಕಿ, ಮನೇಲಿ ಒಂದು ಸಾಲು ಕೋಡ್ ಬರೆಯದೇ ಇರೋರನ್ನ ಬೇಕಾದಷ್ಟು ನೋಡಿದ್ದೀನಿ. ಇವೆಂಟ್‌ಗೆ ಹೋದ ದಿನ ಓದಿದ ದಿನ ಅಂತ ಅನ್ಸುತ್ತೆ, ಆಗಿರಲ್ಲ. ಹೋಗೋದೇ ಆದ್ರೆ ವರ್ಷಕ್ಕೊಂದು ಪೈಕಾನ್ ಇಂಡಿಯಾ ಅನ್ನೋ ಪೈಥಾನ್ ಸಮ್ಮೇಳನಕ್ಕೆ ಹೋಗಿ, 2009ರಲ್ಲಿ ಇಲ್ಲೇ ಐಐಎಸ್‌ಸಿಲಿ ಶುರುವಾಗಿದ್ದು, ದುಡ್ಡಿನ ತೊಂದ್ರೆ ಇರೋರಿಗೆ ಸಹಾಯಧನಕ್ಕೆ ಅರ್ಜಿ ಹಾಕೋ ವ್ಯವಸ್ಥೆನೂ ಮಾಡ್ತಾರೆ. ಕೈಯಲ್ಲಿ ನೀವೇ ಮಾಡಿದ್ದು ಏನಾದ್ರೂ ಇರೋವಾಗ ಹೋಗಿ. ತೋರ್ಸೋಕೆ ಒಂದು ವಸ್ತು ಇದ್ರೆ ಪರಿಚಯ ಅದಾಗೇ ಆಗುತ್ತೆ.


ಬಗ್_ಬೇಟೆ:

ಸೀದಾ_ಮಾತು ಗುರುಗಳೇ, ಪೈಥಾನ್ನೇ 1989ರ ಕ್ರಿಸ್ಮಸ್ ರಜೆಲಿ ಅದನ್ನ ಸೃಷ್ಟಿಸಿದ ಗೈಡೋ ಹವ್ಯಾಸಕ್ಕೆ ಶುರು ಮಾಡಿದ್ದು. ಹಬ್ಬದ ಟೈಮಲ್ಲೂ ಕೆಲಸ ಆಗುತ್ತೆ ಬಿಡಿ :)


ಸೀದಾ_ಮಾತು:

ಆಗುತ್ತೆ. ಅವ್ರು ಅಷ್ಟೊತ್ತಿಗೆ ಆಮ್‌ಸ್ಟರ್ಡಾಮ್‌ನ ಸಂಶೋಧನಾ ಕೇಂದ್ರದಲ್ಲಿ ಎಬಿಸಿ ಅನ್ನೋ ಇನ್ನೊಂದು ಭಾಷೆ ಮೇಲೆ ವರ್ಷಗಟ್ಲೆ ಕೆಲಸ ಮಾಡಿದ್ರು ಅನ್ನೋದನ್ನೂ ಸೇರ್ಸಿ ಹೇಳಿ. ರಜೆಲಿ ಶುರು ಮಾಡಿದ್ದಕ್ಕೆ ಮೊದ್ಲ ರಿಲೀಸ್ ಬಂದಿದ್ದು 1991ರಲ್ಲಿ.


ಅರ್ಕಾವತ್ತು:

ಇಲ್ಲಿ ಯಾರೂ ಹೇಳದೇ ಇರೋ ಒಂದು ದಾರಿ ಇದೆ. ಕಲಿಯೋದು ಒಂದು ಕಡೆ, ಚೆಂಡೆ ಒಂದು ಕಡೆ, ಸಮಿತಿ ಒಂದು ಕಡೆ ಅಂತ ಯಾಕೆ ಇಟ್ಕೊಂಡಿದ್ದೀರ? ವೀಕ್ 6 ಅಂದ್ರೆ ಸಿಎಸ್‌ವಿ ಫೈಲ್ (ಅಲ್ಪವಿರಾಮ ಹಾಕಿ ಕಾಲಂ ಬೇರ್ಪಡಿಸಿದ ಪಟ್ಟಿ) ಓದೋದು ಬರೆಯೋದು. ನಿಮ್ಮ ಕೈಲಿ ವಂತಿಗೆ ಪಟ್ಟಿ ಇದೆ. ಇದಕ್ಕಿಂತ ಒಳ್ಳೇ ಹೋಮ್‌ವರ್ಕ್ ಹಾರ್ವರ್ಡ್‌ನೋರೂ ಕೊಡಲ್ಲ.

ಹೆಸರು, ಮನೆ, ಮೊತ್ತ, ರಶೀದಿ ನಂಬರ್, ಇಷ್ಟು ಕಾಲಂ. ಕಳೆದ ವರ್ಷ ಕೊಟ್ಟು ಈ ವರ್ಷ ಇನ್ನೂ ಕೊಡದೇ ಇರೋರು ಯಾರು? ಯಾವ ರಶೀದಿ ನಂಬರ್ ಮಧ್ಯದಲ್ಲಿ ಕಾಣೆ ಆಗಿದೆ? ಎರಡು ಪುಸ್ತಕದಲ್ಲಿ ಒಂದೇ ಹೆಸರು ಬಂದಿದೆಯಾ? ಎಲ್ಲ ಡಿಕ್ಷನರಿ ಮತ್ತೆ ಸೆಟ್ ಬಳಸೋ ಲೆಕ್ಕಗಳು. ಮಾಡೋಕೆ ಕೂತ್ರೆ ಕೋರ್ಸಲ್ಲಿ ಬರದೇ ಇರೋ ಪಾಠಾನೂ ಸಿಗುತ್ತೆ. ನಮ್ಮ ಬಡಾವಣೆ ಪಟ್ಟಿಲಿ ಆಗಿದ್ದು ಹೇಳ್ತೀನಿ. "ದಿನೇಶ್‌ಕುಮಾರ್" ಅನ್ನೋ ಹೆಸರು ಎರಡು ಸಲ ಬಂದಿತ್ತು, ಕಣ್ಣಿಗೆ ಎರಡೂ ಒಂದೇ, ಪೈಥಾನ್ ಮಾತ್ರ ಬೇರೆ ಬೇರೆ ಅಂತ ಹಠ ಹಿಡಿದಿತ್ತು. ನೋಡಿದ್ರೆ ಒಂದ್ರಲ್ಲಿ ಶ್ ಆದ್ಮೇಲೆ ಒತ್ತಕ್ಷರ ಆಗ್ಬಾರ್ದು ಅಂತ ಹಾಕೋ ಕಾಣದ ಕ್ಯಾರೆಕ್ಟರ್ ಒಂದು ಸಲ, ಇನ್ನೊಂದ್ರಲ್ಲಿ ಅದೇ ಎರಡು ಸಲ ಕೂತಿತ್ತು, ಟೈಪ್ ಮಾಡ್ದೋರು ಕೀ ಎರಡು ಸಲ ಒತ್ತಿದ್ರು. ಪರದೆ ಮೇಲೆ ಎಷ್ಟು ದಿಟ್ಟಿಸಿದ್ರೂ ಕಾಣಲ್ಲ, ಉದ್ದ ಎಣಿಸೋ ಲೆನ್ ಹಾಕಿದ್ರೆ ಮಾತ್ರ ಒಂದು ಜಾಸ್ತಿ ತೋರ್ಸುತ್ತೆ.

ಲೆನ್ ಅಂದಾಗ ನೆನಪಾಯ್ತು, "ಯಕ್ಷಗಾನ" ಅನ್ನೋದಕ್ಕೆ ಲೆನ್ ಹಾಕಿ ನೋಡಿ. ನಾವು ಎಣಿಸಿದ್ರೆ ನಾಲ್ಕಕ್ಷರ, ಪೈಥಾನ್ 7 ಅನ್ನುತ್ತೆ. ಯ ಒಂದು, ಕ್ಷ ಅನ್ನೋದು ಕ, ವಿರಾಮ, ಷ ಸೇರಿ ಮೂರು, ಗಾ ಅನ್ನೋದು ಎರಡು, ನ ಒಂದು. ರಶೀದಿಲಿ ಹೆಸರು ಇಷ್ಟೇ ಅಕ್ಷರಕ್ಕೆ ಕತ್ತರಿಸ್ಬೇಕು ಅಂತ ಸ್ಲೈಸ್ ಹಾಕಿದ್ರೆ ಕೊನೇ ಅಕ್ಷರದ ಒತ್ತು ಹಾರಿ ಹೋಗೋದು ಇದ್ರಿಂದಾನೇ.

ಇನ್ನು ಚೆಂಡೆ. ತ್ರಿವುಡೆ ಅಂತ ಹೆಸರಿಟ್ಕೊಂಡಿದ್ದೀರ, ಒಂದು ತಾಳ ಬಾರಿಸೋ ಪ್ರೋಗ್ರಾಂ ಬರೀರಿ. ಲೂಪ್ ಓಡಿಸಿ, 7ರಿಂದ ಭಾಗಿಸಿ ಶೇಷ ತಗೊಳ್ಳಿ, ಮೂರು ಎರಡು ಎರಡು ಅಂತ ಬರೋದ್ರಿಂದ ಶೇಷ 0, 3, 5 ಬಂದಾಗ ಜೋರು ಶಬ್ದ, ಉಳಿದಾಗ ಸಣ್ಣ ಶಬ್ದ.


ತ್ರಿವುಡೆ_ತಾಳ:

ಅರ್ಕಾವತ್ತು ಅವ್ರೇ, ನಿಮ್ದು ಓದಿ ಕೂಡ್ಲೆ ಕೂತೆ. ಯಕ್ಷಗಾನ 7 ಬಂತು, ಮನೇಲಿ ಅಪ್ಪಯ್ಯನಿಗೂ ತೋರ್ಸಿದೆ, ಅವ್ರಿಗೆ ಎಂತ ಅಂತ ಅರ್ಥ ಆಗ್ಲಿಲ್ಲ ಆದ್ರೂ ತಲೆ ಆಡ್ಸಿದ್ರು.

ತಾಳದ್ದೂ ಬರ್ದೆ, ಆದ್ರೆ ಒಂದು ತೊಂದರೆ. ಪ್ರತಿ ಮಾತ್ರೆ ಆದ್ಮೇಲೆ ಪ್ರೋಗ್ರಾಂ ಸ್ವಲ್ಪ ನಿಲ್ಲಿಸುವ ಸ್ಲೀಪ್ ಹಾಕಿದ್ದು. ಸುರುವಿಗೆ ಸರಿ ಕೇಳ್ತದೆ, ಸ್ವಲ್ಪ ಹೊತ್ತು ಬಿಟ್ಟು ಅದ್ರ ಜೊತೆ ಚೆಂಡೆ ಕೋಲು ಹಿಡ್ಕೊಂಡು ಕೂತ್ರೆ ಅದು ನನ್ನಿಂದ ಹಿಂದೆ ಬೀಳ್ತದೆ. ಫೋನಿನ ಮೆಟ್ರೊನೋಮ್ ಜೊತೆ ಹಾಕಿ ನೋಡಿದೆ, ಹಿಂದೆ ಬೀಳುದು ನಾನಲ್ಲ, ಪ್ರೋಗ್ರಾಮೇ. ಯಾಕೆ ಹಾಗೆ?


ಅರ್ಕಾವತ್ತು:

ಲಯ ಗೊತ್ತಿರೋರಿಗೆ ಮಾತ್ರ ಇದು ಬೇಗ ಕಿವಿಗೆ ಬೀಳೋದು, ಬೇರೆಯವ್ರು ಗಮನಿಸೋದೂ ಇಲ್ಲ. ಅರ್ಧ ಸೆಕೆಂಡ್ ಸ್ಲೀಪ್ ಅಂದ್ರೆ ಕಮ್ಮಿ ಅಂದ್ರೂ ಅರ್ಧ ಸೆಕೆಂಡ್ ಮಲಗು ಅಂತ, ಸರಿಯಾಗಿ ಅಷ್ಟೇ ಅಂತಲ್ಲ. ಅದ್ರ ಜೊತೆ ಶಬ್ದ ಮಾಡೋಕೆ, ಶೇಷ ನೋಡೋಕೆ ಹಿಡಿಯೋ ಚೂರು ಟೈಮೂ ಪ್ರತಿ ಸುತ್ತಲ್ಲೂ ಸೇರ್ತಾ ಹೋಗುತ್ತೆ. ಹಾಗಾಗಿ "ಇಷ್ಟು ಹೊತ್ತು ಮಲಗು" ಅನ್ನೋ ಬದ್ಲು ಶುರು ಮಾಡಿದ ಕ್ಷಣ ಗುರುತಿಟ್ಕೊಂಡು, ಹತ್ತನೇ ಮಾತ್ರೆ ಆ ಕ್ಷಣದಿಂದ ಎಷ್ಟೊತ್ತಿಗೆ ಬೀಳ್ಬೇಕು ಅಂತ ಗುಣಾಕಾರ ಮಾಡಿ, ಈಗಿನ ಟೈಮ್ ಕಳ್ದು, ಉಳಿದಷ್ಟೇ ಮಲಗ್ಸಿ. ಟೈಮ್ ಮಾಡ್ಯೂಲಲ್ಲಿ ಮಾನೋಟಾನಿಕ್ ಅಂತ ಹಿಂದಕ್ಕೆ ಹೋಗದ ಗಡಿಯಾರ ಒಂದಿದೆ, ಅದನ್ನ ಬಳ್ಸಿ. ಒಂದು ಮಾತ್ರೆ ತಡ ಆದ್ರೂ ಮುಂದಿಂದು ತನ್ನ ಜಾಗಕ್ಕೇ ಬೀಳುತ್ತೆ.


ಎರೆಮಣ್ಣು:

ಇದನ್ನ ಹಲಗಿಗೂ ಮಾಡಾಕ ಬರ್ತೈತೇನ್ ನೋಡ್ತೀನಿ. ಹೋಳಿಗೆ ಇನ್ನಾ ಭಾಳ ದಿನ ಅದಾವ.


ಗೊಂಬೆಮನೆ:

ಅದೆಲ್ಲ ಸರಿ, ಒಂದು ಮಾತು. ಹವ್ಯಾಸನೆಲ್ಲ ಪ್ರಾಜೆಕ್ಟ್ ಮಾಡ್ಕೊಂಡು ಕೂರ್ಬೇಡಿ. ಗೊಂಬೆ ಪಟ್ಟಿಗೊಂದು ಡೇಟಾಬೇಸ್ ಮಾಡಮ್ಮ ಅಂತ ನಮ್ಮ ಯಜಮಾನ್ರೂ ಹೇಳಿದ್ರು, ನಾನು ಬೇಡ ಅಂದೆ. ಆ ಹತ್ತು ದಿನ ಲ್ಯಾಪ್‌ಟಾಪ್ ಕಣ್ಮುಂದೆ ಇರ್ಬಾರ್ದು ಅಂತಾನೇ ನಾನು ಗೊಂಬೆ ಕೂರ್ಸೋದು. ಚೆಂಡೆ ಬಾರಿಸೋವಾಗ ತಲೇಲಿ ಮಾಡ್ಯುಲೋ (ಆ ಶೇಷದ ಲೆಕ್ಕ) ಓಡೋಕೆ ಶುರುವಾದ್ರೆ ಅದೂ ಹೋಯ್ತು ಇದೂ ಹೋಯ್ತು.


ತ್ರಿವುಡೆ_ತಾಳ:

ಅಕ್ಕ, ಅದು ಒಪ್ಪುವ ಮಾತು. ರಂಗಸ್ಥಳದ ಹತ್ರ ಕೂತಾಗ ಭಾಗವತರ ಬಾಯಿ ನೋಡ್ಲಿಕ್ಕೇ ಪುರುಸೊತ್ತಿಲ್ಲ, ಮಾಡ್ಯುಲೋ ಎಲ್ಲಿಂದ ಬರ್ತದೆ.

ಎಲ್ಲ ಓದಿ ನಾನು ಯೋಚನೆ ಮಾಡಿದ್ದು ಹೀಗೆ. ಚೆಂಡೆ ಬಿಡುದಿಲ್ಲ. ಖಜಾಂಚಿ ಕೆಲಸ ಈ ವರ್ಷದ ಲೆಕ್ಕ ಒಪ್ಪಿಸಿ ಬಿಡುದು, ಅಧ್ಯಕ್ಷರಿಗೆ ಈಗ್ಲೇ ಒಂದು ಮಾತು ಹಾಕಿಟ್ಟಿದ್ದೇನೆ, ಅವ್ರು "ನೋಡುವ" ಅಂದ್ರು, ಅಂದ್ರೆ ಬಿಡುವ ಅಂದಾಜಿಲ್ಲ, ಅದು ಮತ್ತೆ ನೋಡುವ. ಸೀದಾ_ಮಾತು ಅವ್ರು ಹೇಳಿದ ನಾಲ್ಕು ವರ್ಷ ಕೇಳುವಾಗ ಬೇಜಾರಾಯ್ತು, ಸುಳ್ಳಲ್ಲ. ಆದ್ರೆ ಆಟದ ಸೀಸನಲ್ಲಿ ಗೊಂಬೆಮನೆ ಅಕ್ಕ ಹೇಳಿದ ಹಾಗೆ ದಿನಾ ಒಂದು ಹಳೇ ಲೆಕ್ಕ ಮಾಡಿದ್ರೆ ಮೂರಕ್ಕೆ ಇಳೀಬಹುದಾ? ಬೆಂಗಳೂರಿನ ದೋಸ್ತಿಗೆ ಮೀಟಪ್‌ಗೆ ಸದ್ಯಕ್ಕೆ ಬರುದಿಲ್ಲ ಅಂತ ಹೇಳಿ ಆಯ್ತು.

ವಂತಿಗೆ ಪಟ್ಟಿ ಕೆಲಸಕ್ಕೆ ಕೈ ಹಾಕಿದೆ. ಹಿಂದಿನ ಖಜಾಂಚಿಯವರದ್ದು ಎಕ್ಸೆಲ್ ಫೈಲ್ ಉಂಟು, ತೆಗ್ದ್ರೆ ಚಂದ ಕನ್ನಡ ಕಾಣ್ತದೆ, ಸಿಎಸ್‌ವಿ ಮಾಡಿ ಪೈಥಾನಲ್ಲಿ ಪ್ರಿಂಟ್ ಹಾಕಿದ್ರೆ ಎಂತದೋ ಪಿಶಾಚಿ ಭಾಷೆ ಬರ್ತದೆ. ಎನ್‌ಕೋಡಿಂಗ್ ಯುಟಿಎಫ್-8 (ಯೂನಿಕೋಡ್ ಅಕ್ಷರ ಓದುವ ಕ್ರಮ) ಅಂತ ಕೊಟ್ಟಿದ್ದೇನೆ.


ಸೀದಾ_ಮಾತು:

ಮೂರಕ್ಕೆ ಇಳೀಬಹುದು. ದಿನಾ ಅಂದ್ರೆ ದಿನಾ ಮಾಡಿದ್ರೆ.


ಅರ್ಕಾವತ್ತು:

ಎಕ್ಸೆಲಲ್ಲಿ ಆ ಕಾಲಂ ಸೆಲೆಕ್ಟ್ ಮಾಡಿ ಫಾಂಟ್‌ನ ಏರಿಯಲ್‌ಗೆ ಬದಲಾಯಿಸಿ ನೋಡಿ. ಆಗ್ಲೂ ಕನ್ನಡವೇ ಕಂಡ್ರೆ ಯೂನಿಕೋಡ್, ಅಂದ್ರೆ ಕನ್ನಡ ಅಕ್ಷರಕ್ಕೆ ತನ್ನದೇ ಸಂಖ್ಯೆ ಇರೋ ಪದ್ಧತಿ. ಪೌಂಡ್ ದುಡ್ಡಿನ ಚಿಹ್ನೆ, ತಲೆ ಮೇಲೆ ಗೆರೆ ಇರೋ ಇಂಗ್ಲಿಷ್ ಎ, ಹೀಗೆಲ್ಲ ಬಂದ್ರೆ ಅದು ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದು. ಅಲ್ಲಿರೋದು ಕನ್ನಡ ಅಕ್ಷರವೇ ಅಲ್ಲ, ಇಂಗ್ಲಿಷ್ ಚಿಹ್ನೆಗಳಿಗೆ ಕನ್ನಡದ ವೇಷ ಹಾಕಿರೋದು ಅಷ್ಟೇ. ಯುಟಿಎಫ್-8 ಕೊಟ್ರೂ ಪ್ರಯೋಜನ ಇಲ್ಲ.


ತ್ರಿವುಡೆ_ತಾಳ:

ಪೌಂಡೇ ಬಂತು ಮಾರಾಯ್ರೆ. ಇಡೀ ಪಟ್ಟಿ ತುಂಬ ಪೌಂಡು.


ಅರ್ಕಾವತ್ತು:

ಹಾಗಾದ್ರೆ ಮೊದ್ಲು ಕನ್ವರ್ಟರ್ ಹಾಕಿ ಯೂನಿಕೋಡ್ ಮಾಡ್ಕೊಳ್ಳಿ, ನೆಟ್ಟಲ್ಲಿ ಸಿಗುತ್ತೆ. ಇಡೀ ಪಟ್ಟಿ ಒಟ್ಟಿಗೆ ಹಾಕ್ಬೇಡಿ, ಮೊದ್ಲು ಹತ್ತು ಹೆಸರು ಹಾಕಿ ಕಣ್ಣಲ್ಲಿ ತಾಳೆ ನೋಡಿ, ಅದ್ರಲ್ಲಿ ಸೂರ್ಯ, ಕೀರ್ತಿ ಥರ ಅರ್ಕಾವತ್ತು ಇರೋವು ಇರ್ಲೇಬೇಕು. ಹಳೇ ಫಾಂಟಲ್ಲಿ ಅರ್ಕಾವತ್ತು ಅಕ್ಷರ ಆದ್ಮೇಲೆ ಬರುತ್ತೆ, ಯೂನಿಕೋಡಲ್ಲಿ ರ್ ಮೊದ್ಲು ಬರ್ಬೇಕು, ಕನ್ವರ್ಟರ್‌ಗಳು ಎಡವೋದು ಅಲ್ಲೇ. ಮೂಲ ಫೈಲ್‌ನ ಕಾಪಿ ಒಂದು ತೆಗೆದಿಟ್ಕೊಳ್ಳಿ, ವಂತಿಗೆ ಕೊಟ್ಟೋರ ಹೆಸರು ರಶೀದಿಲಿ ತಪ್ಪಾದ್ರೆ ಬೈಗುಳ ಬೀಳೋದು ಪೈಥಾನ್‌ಗಲ್ಲ.